ಬೆಳ್ಳಿಯ ಭುಜದ ಹಳದಿ ಪುಡಿ

"ನೋಡಕ್ಕ, ಆ ಪುಡಿ ಮೊದ್ಲು ದಿವ್ಸ ಇಟ್ಟಿನಂಗಿತ್ತು. ಊದಿದ್ರೆ ಆರೋಗ್ತಿತ್ತು. ಎಲ್ಡನೇ ದಿವ್ಸ ಗಾಯದ ನೀರು ಕುಡ್ದು ಬಿಗೀತು. ಮೂರನೇ ದಿವ್ಸ ಅದ್ರ ಮ್ಯಾಲೆ ನಾನೇ ಅರಿಸ್ಣ ಮೆತ್ತಿದೆ. ಡಾಕ್ಟ್ರಮ್ಮ ಏಳಿರ್ಲಿಲ್ಲ. ನಮ್ಮಪ್ಪ ಕುದ್ರೆ ಗಾಯಕ್ಕೆ ಅದ್ನೇ ಆಕ್ತಿದ್ದ, ನಾನೂ ಆಕ್ದೆ. ಆಮ್ಯಾಕೆ ಅದು ಪುಡಿಯಾಗಿ ಉಳೀಲಿಲ್ಲ. ಕೂದ್ಲು, ಕೀವು, ಅರಿಸ್ಣ ಎಲ್ಲಾ ಸೇರ್ಕೊಂಡು ಕಲ್ಲಾಗೋಯ್ತು. ಉಗುರಾಕಿದ್ರೆ ಉಗುರೇ ಜಾರೋದು. ಮದ್ವೆ ದಿವ್ಸ ಬೆಳಿಗ್ಗೆ ಸೋಪು ಆಕ್ದೆ, ತೆಂಗಿನ ನಾರು ತಕಂಡೆ, ಉಜ್ಜಿದೆ. ನೊರೆ ಕೆಂಪಾಯ್ತು. ನಂಗೆ ಸಂತೋಸ ಆಯ್ತು ಕಣಕ್ಕ. ಅದೇ ನಂಗೆ ನುಂಗಾಕಾಗ್ತಿಲ್ಲ. ನೀನ್ ಏಳಿದಂಗೇ ಆಯ್ತು, ಅರಿಸ್ಣ ಬಿಡ್ತಾ ಐತೆ ಅಂದ್ಕೊಂಡೆ. ಇನ್ನಾ ಒತ್ತಿ ಉಜ್ಜಿದೆ. ಅದು ಕಾಲು ಕುಟ್ತು. ನಾನು ಅಗ್ಗ ಇನ್ನೊಂದ್ ಸುತ್ತು ಬಿಗಿ ಮಾಡ್ದೆ. ಸ್ನಾನ ಮಾಡ್ಸಿದ್ರೆ ಯಾರಾನ ಇಂಗಾಡ್ತಾರಾ ಅಂತ ಬೈದೆ ಕೂಡ. ಅದು ನಡುಗ್ತಾ ಇತ್ತು, ಚಳಿ ಅಂದ್ಕೊಂಡೆ. ಒಂದ್ ಬಿಂದಿಗೆ ನೀರು ಉಯ್ದೆ. ನೊರೆ ಓಯ್ತು, ಕೆಂಪು ಓಗ್ಲಿಲ್ಲ. ಬಂಡೆ ಮ್ಯಾಲೆ ತೊಟ್ಟು ತೊಟ್ಟು ಬೀಳ್ತಾ ಇತ್ತು. ಅರಿಸ್ಣ ತೊಟ್ಟು ತೊಟ್ಟು ಬೀಳಲ್ಲ, ಅಲ್ವೇನಕ್ಕ?"

ಮದುವೆ ಮುಗಿದ ಒಂಬತ್ತನೆಯ ದಿನ ಕದಿರಪ್ಪ ನನ್ನ ಇಸ್ತ್ರಿ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತು ಇಷ್ಟನ್ನೂ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಬಲಗೈಯನ್ನು ಮಂಡಿಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ. ನಾನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಇಟ್ಟಿಗೆಯ ಮೇಲೆ ನಿಲ್ಲಿಸಿದೆ. ಇಂಥ ಮಾತು ಕೇಳುವಾಗ ಪೆಟ್ಟಿಗೆ ಕೈಯಲ್ಲಿದ್ದರೆ ಯಾರದೋ ಅಂಗಿ ಸುಟ್ಟುಹೋಗುತ್ತದೆ.

ಕದಿರಪ್ಪನನ್ನು ಮಾರಿಕುಪ್ಪಂನಲ್ಲಿ ಗೊತ್ತಿಲ್ಲದವರಿಲ್ಲ. ಅವರ ಮೂಲ ಕ್ಯಾಸಂಬಳ್ಳಿ ಕಡೆಯ ಹಳ್ಳಿ, ರಾಗಿ ಬೆಳೆಯುವ ಮನೆ. ಅವನಪ್ಪ ಹೊಲವನ್ನು ತಮ್ಮಂದಿರಿಗೆ ಬಿಟ್ಟು ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಜಟಕಾ ಓಡಿಸುತ್ತಿದ್ದ. ಆಟೋಗಳು ಬಂದು ಜಟಕಾ ಹೋಯಿತು, ಕುದುರೆ ಉಳಿಯಿತು. ಆ ಕುದುರೆಗೆ ಜರಿಯ ಬಟ್ಟೆ ಹೊದಿಸಿ ಮದುವೆಯ ಮೆರವಣಿಗೆಗೆ ಹಿಡಿದುಕೊಂಡು ಹೋಗುವುದನ್ನು ಕದಿರಪ್ಪ ಶುರುಮಾಡಿದ. ಅದು ಸತ್ತ ಮೇಲೆ ಇನ್ನೊಂದು, ಆಮೇಲೆ ಈಗಿರುವ ಈ ಬಿಳಿ ಹೆಣ್ಣು ಕುದುರೆ. ಚಿನ್ನ ಬಗೆದ ಊರಿನಲ್ಲಿ ಇದಕ್ಕೆ ಬೆಳ್ಳಿ ಅಂತ ಹೆಸರಿಟ್ಟ. ಹಳೆಯ ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ ಎರಡು ಮನೆ ಖಾಲಿ ಬಿದ್ದಿದ್ದವು. ಒಂದರಲ್ಲಿ ಅವನೂ ಅವನ ಹೆಂಡತಿ ವೆಂಕಟರತ್ನಮ್ಮನೂ ಇದ್ದಾರೆ, ಪಕ್ಕದ್ದರಲ್ಲಿ ಬೆಳ್ಳಿ ಇದೆ. ಅದರಾಚೆ ನನ್ನ ಅಂಗಡಿ.

ಅವನು ಮನುಷ್ಯರ ಹತ್ತಿರ ಕನ್ನಡ ಆಡುತ್ತಾನೆ, ಸಿಟ್ಟು ಬಂದರೆ ತಮಿಳು, ಕುದುರೆಯ ಹತ್ತಿರ ಮಾತ್ರ ತೆಲುಗು. ದಿನಾ ಬೆಳಿಗ್ಗೆ, ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ತರುವ ಧೂಳನ್ನು ಬ್ರಷ್ಷಿನಲ್ಲಿ ಒರೆಸಿ, ಬಾಲ ಬಿಡಿಸಿ, ಕೂದಲಿಗೆ ಎಣ್ಣೆ ಹಚ್ಚುತ್ತಾನೆ. ವೆಂಕಟರತ್ನಮ್ಮ ಬೀದಿಗೆಲ್ಲ ಕೇಳುವ ಹಾಗೆ ಹೇಳುವುದುಂಟು: "ಮೂವತ್ತೆಂಟು ವರ್ಸ ಆಯ್ತು, ನನ್ ತಲೆ ಒಂದ್ ದಿವ್ಸ ಬಾಚ್ಲಿಲ್ಲ ಈ ಮಾರಾಯ. ಬಾಲ ಇಲ್ಲದ್ದು ನಂದೇ ತಪ್ಪು." ಅವನು ನಗುತ್ತಾ ಬಾಚುತ್ತಲೇ ಇರುತ್ತಿದ್ದ.

ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೋಪಾಲ್ ಅವರ ಮಗ ವೇಣುವಿನ ಮದುವೆ ಗೊತ್ತಾದಾಗ ಮೆರವಣಿಗೆಗೆ ಬೆಳ್ಳಿಯೇ ಬರಬೇಕು ಅಂತ ಮಾತಾಯಿತು. ಗೋಪಾಲ್ ಅವರ ಮದುವೆಗೂ ಕುದುರೆ ಹಿಡಿದು ನಡೆದವನು ಕದಿರಪ್ಪನೇ. ಅಪ್ಪನನ್ನು ಕೂರಿಸಿದ ಕೈಯಲ್ಲೇ ಮಗನನ್ನೂ ಕೂರಿಸುತ್ತೇನೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಹಾಗೆ ಹೇಳಿಕೊಂಡಿದ್ದೇ ಅವನಿಗೆ ಗಂಟುಬಿತ್ತು ಅನ್ನಿಸುತ್ತದೆ ನನಗೆ.

ಮದುವೆಗೆ ಆರು ದಿನ ಇರುವಾಗ ಕೊಟ್ಟಿಗೆಯ ಬಾಗಿಲ ತಗಡು ಕಿತ್ತು ಬಂದು ಬೆಳ್ಳಿಯ ಎಡ ಭುಜದ ಚರ್ಮ ಹರಿಯಿತು. ಬಂಗಾರಪೇಟೆಯಿಂದ ಹರಿಪ್ರಿಯಾ ಅನ್ನುವ ಪಶುವೈದ್ಯೆ ಸ್ಕೂಟರಿನಲ್ಲಿ ಬಂದು ಗಾಯ ತೊಳೆದು ಹಳದಿ ಪುಡಿ ಉದುರಿಸಿದರು. ಹತ್ತು ದಿನ ಇದಕ್ಕೆ ನೀರು ತಾಗಿಸಬೇಡಿ, ಕೀಳಬೇಡಿ, ಒಣಗಿದ ಮೇಲೆ ತಾನಾಗಿ ಉದುರುತ್ತದೆ ಅಂದರು. ನಡೆಸಬಹುದಾ ಅಂತ ಇವನು ಕೇಳಿದ. ಜೀನು ತಾಗುವ ಜಾಗ ಅಲ್ಲ, ನಿಧಾನಕ್ಕೆ ನಡೆಸಿದರೆ ತೊಂದರೆ ಇಲ್ಲ ಅಂದರು. ಅಲ್ಲಿಗೆ ಎಲ್ಲ ಸರಿಯಾಗಿತ್ತು. ಬಿಳಿ ಮೈಮೇಲೆ ಅಂಗೈ ಅಗಲದ ಹಳದಿ, ಅಷ್ಟೇ ತಾನೆ?

ಮದುವೆಗೆ ಎರಡು ದಿನ ಇರುವಾಗ ವೇಣುವಿನ ತಾಯಿ ಉಮಾಮಹೇಶ್ವರಿ ಕುದುರೆ ನೋಡಲು ಬಂದರು. ಅವರು ಒಳ್ಳೆಯ ಹೆಂಗಸು, ಬೆಲ್ಲ ತಂದಿದ್ದರು. ಹಳದಿ ನೋಡಿ ಅಯ್ಯೋ ಪಾಪ ಅಂದರು. ಆಮೇಲೆ ಮೆತ್ತಗೆ, "ಫೋಟೋದಲ್ಲಿ ಎದ್ದು ಕಾಣುತ್ತೆ ಅಲ್ವಾ ಕದಿರಪ್ಪ? ಕಷ್ಟ ಆದ್ರೆ ಹೇಳಿ, ಕೋಲಾರದ ಕುದುರೆಗೆ ಹೇಳಿಬಿಡ್ತೀವಿ. ನಮಗೇನೂ ಬೇಜಾರಿಲ್ಲ" ಅಂದರು. ಅವರಿಗೆ ನಿಜಕ್ಕೂ ಬೇಜಾರಿರಲಿಲ್ಲ. ಕೋಲಾರದ ಕುದುರೆ ಮಾರಿಕುಪ್ಪಂಗೆ ಬಂದು ಗೋಪಾಲ್ ಅವರ ಮಗನನ್ನು ಕೂರಿಸಿಕೊಂಡು ಹೋಗುವುದನ್ನು ತಾನು ಬಾಗಿಲಲ್ಲಿ ನಿಂತು ನೋಡಬೇಕಲ್ಲ ಅನ್ನುವುದು ಇವನ ತಲೆಗೆ ಹೊಕ್ಕಿತು. ಕಷ್ಟ ಏನಿಲ್ಲಮ್ಮ, ಅದೆಲ್ಲ ಓಗ್ತೈತೆ ಅಂದುಬಿಟ್ಟ.

ಮಾರನೆಯ ದಿನ ನನ್ನ ಅಂಗಡಿಗೆ ಬಂದ. ಬಿಳಿ ಬಟ್ಟೆಯ ಮೇಲಿನ ಅರಿಶಿನದ ಕಲೆಗೆ ಏನು ಮಾಡುತ್ತೀ ಅಕ್ಕ ಅಂತ ಕೇಳಿದ. ನಮ್ಮದು ತಲೆತಲಾಂತರದಿಂದ ಬಟ್ಟೆ ಒಗೆದ ಮನೆ. ಅರಿಶಿನದ ಕಲೆಗೆ ಸೋಪು ತಗಲಿದ ಕೂಡಲೇ ಕೆಂಪಗಾಗುತ್ತದೆ. ಹೊಸಬರು ಅದನ್ನು ನೋಡಿ ಬಟ್ಟೆ ಕೆಟ್ಟಿತು ಅಂತ ಹೆದರಿ ಬಿಟ್ಟುಬಿಡುತ್ತಾರೆ. ಹೆದರಬಾರದು, ಉಜ್ಜುತ್ತಲೇ ಇರಬೇಕು, ಬಿಸಿಲಿಗೆ ಹಾಕಬೇಕು. ನನ್ನ ತಾಯಿ ನನಗೆ ಹೇಳಿಕೊಟ್ಟಿದ್ದನ್ನು ನಾನು ಅವನಿಗೆ ಹೇಳಿದೆ. "ಕೆಂಪಾಯ್ತು ಅಂತ ಕೈ ಬಿಡ್ಬ್ಯಾಡಪ್ಪ. ಕೆಂಪಾದ್ರೇನೇ ಓಗ್ತೈತೆ ಅಂತ ಅರ್ಥ." ಬಾಯಿಬಿಟ್ಟು ಹೇಳಿದ ಮಾತು ಇದು.

ಅವನ ಕೈಯಲ್ಲಿ ಬಟ್ಟೆ ಇರಲಿಲ್ಲ. ಯಾವ ಬಟ್ಟೆ ಅಂತ ನಾನು ಕೇಳಲಿಲ್ಲ. ಬೆಳ್ಳಿಯ ಭುಜದ ಮೇಲೆ ಹಳದಿ ಇದ್ದಿದ್ದು ನನಗೂ ಗೊತ್ತಿತ್ತು. ಉಮಾಮಹೇಶ್ವರಿ ಅಂದ ಮಾತು ಗೋಡೆಯಾಚೆಯಿಂದ ನನಗೂ ಕೇಳಿಸಿತ್ತು. ಎರಡನ್ನೂ ಸೇರಿಸಿ ನೋಡಲು ಒಂದು ಗಳಿಗೆ ಸಾಕಾಗಿತ್ತು. ಮದುವೆಯ ಬಟ್ಟೆಗಳ ರಾಶಿ ಮುಂದಿತ್ತು, ನಾನು ಕೆಂಡ ಊದಿಕೊಂಡೆ.

ಹಾಗೆ ಅದು ನಡೆದುಹೋಯಿತು. ಅರಿಶಿನವೂ ಇತ್ತು, ರಕ್ತವೂ ಇತ್ತು, ಸೋಪಿನ ನೊರೆಯಲ್ಲಿ ಎರಡೂ ಒಂದೇ ಬಣ್ಣ. ಪುಡಿ ಎದ್ದು ಬರುವಾಗ ಅದರ ಜೊತೆ ಕೂದಲು ಬಂತು, ಹೊಸದಾಗಿ ಕೂಡಿಕೊಳ್ಳುತ್ತಿದ್ದ ಚರ್ಮವೂ ಬಂತು. ಅಂಗೈ ಅಗಲ ಇದ್ದ ಗಾಯ ಎರಡು ಅಂಗೈ ಆಯಿತು. ಆಗಲೂ ಅವನು ಗೋಪಾಲ್ ಅವರ ಮನೆಗೆ ಹೋಗಿ ಹೇಳಲಿಲ್ಲ. ಕೋಲಾರದ ಕುದುರೆ ತರಿಸಲು ಹೊತ್ತು ಮೀರಿತ್ತು ಅಂತ ತನಗೆ ತಾನೇ ಹೇಳಿಕೊಂಡ. ಬಟ್ಟೆ ಒತ್ತಿ ರಕ್ತ ನಿಲ್ಲಿಸಿ, ಕತ್ತಿನಿಂದ ಎದೆಯವರೆಗೆ ದಪ್ಪ ಸುಗಂಧರಾಜದ ಹಾರ ಇಳಿಬಿಟ್ಟ. ಸಂಜೆ ಬ್ಯಾಂಡಿನವರ ಹಿಂದೆ ಬೆಳ್ಳಿ ಒಂದು ಹೆಜ್ಜೆ ತಪ್ಪದೆ ನಡೆಯಿತು. ನಾನೂ ಬಾಗಿಲಿಗೆ ಬಂದು ನೋಡಿದೆ. ಎಷ್ಟು ಬೆಳ್ಳಗಿದೆ ಅಂತ ಎಲ್ಲರೂ ಅಂದರು. ನಾನೂ ಅಂದೆ.

ಮೂರನೆಯ ದಿನಕ್ಕೆ ಭುಜ ಊದಿಕೊಂಡಿತು. ಬೆಳ್ಳಿ ಬೂಸ ಮುಟ್ಟಲಿಲ್ಲ. ಡಾಕ್ಟರು ಬಂದು ನೋಡಿ ಏನಾಯಿತು ಅಂತ ಕೇಳಿದರು. ಗೋಡೆಗೆ ಉಜ್ಜಿಕೊಂಡಿತು ಅಂತ ಕದಿರಪ್ಪ ಹೇಳಿದ. ಅವರು ನಂಬಿದರು. ಸೂಜಿ ಹಾಕಿ, ಮತ್ತೆ ಪುಡಿ ಹಚ್ಚಿ, ಈ ಸಲ ಬೇರೆ ಥರ ನೋಡಿಕೊಳ್ಳಬೇಕು ಅಂದರು. ಗಾಯ ಸೋರುತ್ತಿದೆ, ಪುಡಿ ಗಟ್ಟಿಯಾದರೆ ಅದರ ಕೆಳಗೆ ಕೀವು ಕಟ್ಟುತ್ತದೆ. ದಿನಾ ಬೆಳಿಗ್ಗೆ ಉಪ್ಪು ಹಾಕಿದ ಉಗುರು ಬೆಚ್ಚನೆಯ ನೀರಿನ ಬಟ್ಟೆ ಇಟ್ಟು, ನೆನೆಸಿ, ಮೆತ್ತಗಾದಷ್ಟನ್ನು ಮಾತ್ರ ಎತ್ತಬೇಕು. ಬಿಟ್ಟರೆ ಕೀವು ಒಳಗಿಳಿದು ಕೀಲಿಗೆ ಹೋಗುತ್ತದೆ, ಆಮೇಲೆ ಕಾಲೂರುವುದಿಲ್ಲ ಅಂದರು. ಹೋಗುವಾಗ ಗೋಡೆಗೂ ಏನಾದರೂ ಮಾಡಿ, ಒರಟಾಗಿದೆ ಅಂದರು.

ಅವನು ಮಾರನೆಯ ದಿನವೇ ಸಿಮೆಂಟ್ ತಂದು ಗೋಡೆಗೆ ಗಾರೆ ಮಾಡಿದ. ಏನೂ ತಪ್ಪು ಮಾಡದ ಗೋಡೆ. ಎಷ್ಟು ನುಣ್ಣಗೆ ಮಾಡಿದನೆಂದರೆ ವೆಂಕಟರತ್ನಮ್ಮ ಬಂದು ಮುಟ್ಟಿ ನೋಡಿ, "ನಮ್ಮ ಅಡುಗೆಮನೆ ಗೋಡೆ ಕಡೆ ಇಂಗೊಂದ್ ದಿವ್ಸ ಬರ್ಬಾರ್ದಾ ನೀನು" ಅಂದಳು. ಆ ಮಾತಿಗೂ ಅವನು ನಗಲಿಲ್ಲವಂತೆ. ಅವಳಿಗೂ ಅವನು ಗೋಡೆ ಅಂತಲೇ ಹೇಳಿದ್ದ.

ಆದರೆ ಬೆಳ್ಳಿ ಅವನನ್ನು ಎಡಗಡೆಗೆ ಬಿಡಲೇ ಇಲ್ಲ. ಬಲಗಡೆ ನಿಂತರೆ ಸುಮ್ಮನಿರುತ್ತದೆ, ಕೈಯಿಂದ ಬೆಲ್ಲವನ್ನೂ ತಿನ್ನುತ್ತದೆ. ಒದ್ದೆ ಬಟ್ಟೆ ಹಿಡಿದು ಎಡಕ್ಕೆ ಬಂದರೆ ಕಿವಿ ಹಿಂದಕ್ಕೆ ಹಾಕಿ ತಿರುಗಿಬಿಡುತ್ತದೆ. ಕಟ್ಟಿದರೆ ಒದೆಯುತ್ತದೆ. ಬಿಗಿದು ಕಟ್ಟೋಣ ಅಂತ ಹಗ್ಗ ತೆಗೆದುಕೊಂಡರೆ, ಅವತ್ತಿನ ಹಗ್ಗ ನೆನಪಾಗಿ ಅವನಿಗೇ ಕೈ ಬರುವುದಿಲ್ಲ. ಹೀಗೆ ಐದು ದಿನ ಪುಡಿ ನೆನೆಯಲಿಲ್ಲ. ಮತ್ತೆ ಕಲ್ಲಾಯಿತು. ಅಂಚಿನಲ್ಲಿ ವಾಸನೆ ಬರಲು ಶುರುವಾದಾಗ ನನ್ನ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಬಂದು ಕೂತ.

"ನಾನೂ ಕೇಳ್ಬೇಕಿತ್ತು ಕದಿರಪ್ಪ, ಯಾವ ಬಟ್ಟೆ ಅಂತ," ಅಂದೆ.

"ನೀನ್ ಕೇಳಿದ್ರೂ ನಾನ್ ಸುಳ್ಳೇ ಏಳ್ತಿದ್ದೆ ಬಿಡಕ್ಕ," ಅಂದ. ಆಮೇಲೆ, "ನಿನ್ ಕೈ ಅದ್ಕೆ ಗೊತ್ತಿಲ್ಲ. ನೀನ್ ಬಂದ್ ನೋಡ್ತೀಯಾ?" ಅಂತ ಕೇಳಿದ.

ನನಗೆ ಕುದುರೆ ಮುಟ್ಟಿ ಅಭ್ಯಾಸವಿಲ್ಲ. ಎಪ್ಪತ್ತು ದಾಟಿದ ಮೇಲೆ ಒದೆ ತಿಂದರೆ ಏಳುವ ಹಾಗೂ ಇಲ್ಲ. ಹೋದೆ. ಬೆಳ್ಳಿ ನನ್ನ ಸೆರಗು ಮೂಸಿತು, ಇದ್ದಿಲಿನ ವಾಸನೆಗೋ ಏನೋ ಒಮ್ಮೆ ಸೀನಿ ಸುಮ್ಮನಾಯಿತು. ನಾನು ಎಡಕ್ಕೆ ಹೋಗಿ ಬಿಸಿನೀರಿನ ಬಟ್ಟೆಯನ್ನು ಹಳದಿಯ ಮೇಲೆ ಇಟ್ಟೆ. ಮೈ ಒಂದು ಸಲ ಅದುರಿತು, ಅಷ್ಟೇ.

ಕೆಲಸ ನನಗೆ ಹೊಸದೇನಲ್ಲ. ಕಾಲರಿನ ಕೊಳೆ ಉಜ್ಜುವುದರಿಂದ ಹೋಗುವುದಿಲ್ಲ, ನೆನೆಯುವುದರಿಂದ ಹೋಗುತ್ತದೆ. ಬಟ್ಟೆ ತಣ್ಣಗಾದರೆ ಇನ್ನೊಂದು, ಅದೂ ತಣ್ಣಗಾದರೆ ಮತ್ತೊಂದು. ಮೊದಲ ದಿನ ಅಂಚು ಮಾತ್ರ ಎದ್ದಿತು, ತಳ ಹಿಡಿದ ಅನ್ನ ನೀರು ಕುಡಿದು ಏಳುವ ಹಾಗೆ. ಎದ್ದಷ್ಟನ್ನು ಬೆರಳಿನಲ್ಲಿ ತೆಗೆದೆ, ಉಳಿದದ್ದನ್ನು ಬಿಟ್ಟೆ. ಗಾಯದ ಸುತ್ತ ಒಳ್ಳೆಯ ಕೂದಲಿಗೆ ಮೆತ್ತಿಕೊಂಡಿದ್ದಕ್ಕೆ ಕೊಬ್ಬರಿ ಎಣ್ಣೆ ಸವರಿ, ಒಂದೊಂದೇ ಕೂದಲು ಬಿಡಿಸಿದೆ. ಎರಡನೆಯ ದಿನ ನಡುವಿನ ಬಿಲ್ಲೆ ಸಡಿಲವಾಗಿ ಕೆಳಗಿನಿಂದ ಕೀವು ಬಂತು, ವಾಸನೆ ತಡೆಯಲಾಗಲಿಲ್ಲ. ಅಷ್ಟು ಹೊತ್ತೂ ಕದಿರಪ್ಪ ಬಲಗಡೆ ತಲೆಯ ಹತ್ತಿರ ನಿಂತು ತೆಲುಗಿನಲ್ಲಿ ಏನೋ ಹೇಳುತ್ತಿದ್ದ. ಮಾತಿನ ಅರ್ಥ ನನಗೆ ಗೊತ್ತಾಗುತ್ತಿತ್ತು, ನಾನು ಕೇಳಿಸದವಳ ಹಾಗೆ ಇದ್ದೆ. ನಾಲ್ಕು ಬೆಳಿಗ್ಗೆ ಹಿಡಿಯಿತು. ಕೊನೆಗೆ ಒಳಗಿನ ಗಾಯ ದಾಳಿಂಬೆ ಬಣ್ಣಕ್ಕೆ ಬಂದು ಚೊಕ್ಕಟವಾಗಿ ಕಂಡಿತು.

ಐದನೆಯ ದಿನ ಹರಿಪ್ರಿಯಾ ಡಾಕ್ಟರು ಬಂದರು. ಗಾಯ ನೋಡಿ ಸಮಾಧಾನಪಟ್ಟರು. ಯಾರು ಮಾಡಿದ್ದು ಅಂತ ಕೇಳಿ, ನನ್ನ ಕೈ ತಿರುಗಿಸಿ ನೋಡಿದರು. ಆಮೇಲೆ ಕದಿರಪ್ಪನಿಗೆ ಇನ್ನು ಮುಂದೆ ಹೀಗೇ ತೊಳೆಯಿರಿ ಅಂತ ತೋರಿಸಲು ಅವನನ್ನು ಎಡಕ್ಕೆ ಕರೆದರು. ಅವನು ಎರಡು ಹೆಜ್ಜೆ ಬಂದ. ಬೆಳ್ಳಿ ಕಣ್ಣಿನ ಬಿಳಿ ಕಾಣುವ ಹಾಗೆ ತಿರುಗಿ ಗೋಡೆಗೆ ಒತ್ತಿಕೊಂಡಿತು.

"ಅಜ್ಜಿ ಕೈಗೆ ಬಗ್ಗುತ್ತೆ, ನಿಮ್ಮ ಕೈಗೆ ಯಾಕೆ ಹೆದರುತ್ತೆ ಕದಿರಪ್ಪನವರೇ?"

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ವೆಂಕಟರತ್ನಮ್ಮ ಟೀ ಲೋಟ ಹಿಡಿದು ನಿಂತಿದ್ದಳು. ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಗೋಡೆ ಒಂದು ಸಲ ಕೈ ಹಿಡಿದಿತ್ತು, ಇನ್ನೊಂದು ಸಲವೂ ಹಿಡಿಯುತ್ತಿತ್ತೇನೋ.

"ಗೋಡೆ ಅಲ್ಲ ಮೇಡಂ," ಅಂದ. "ನಾನೇ. ಸೋಪಾಕಿ ನಾರಲ್ಲಿ ಉಜ್ಜಿ ಕಿತ್ತೆ. ಫೋಟೋಗೆ ಬೆಳ್ಳಗೆ ಕಾಣ್ಲಿ ಅಂತ."

ಅರಿಶಿನದ ಮಾತು ಅವನು ಎತ್ತಲಿಲ್ಲ. ನನ್ನ ಹೆಸರೂ ಎತ್ತಲಿಲ್ಲ. ಅದನ್ನು ನಾನೇ ಹೇಳಿದೆ. ಕೆಂಪಾದರೂ ಉಜ್ಜು ಅಂದವಳು ನಾನು ಅಂದೆ. ಡಾಕ್ಟರು ಇಬ್ಬರನ್ನೂ ನೋಡಿದರು, ಆಮೇಲೆ ನುಣ್ಣನೆಯ ಗೋಡೆಯನ್ನು ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು.

"ಗೋಡೆಗೆ ಇಷ್ಟು ಗಾರೆ ಮಾಡೋ ಬದಲು ನನಗೊಂದು ಫೋನ್ ಮಾಡಬಹುದಿತ್ತು," ಅಂದರು. ಆಮೇಲೆ, "ನಾಳೆಯಿಂದ ಅಜ್ಜಿ ಬರೋದು ಬೇಡ. ಇದು ಮಾಯೋಕೆ ಎರಡು ತಿಂಗಳಾದ್ರೂ ಬೇಕು, ಆಮೇಲೂ ಇದು ನಿಮ್ಮ ಜೊತೆನೇ ಇರಬೇಕು. ಕಟ್ಟಬೇಡಿ. ಬಟ್ಟೆ ಹಿಡ್ಕೊಂಡು ಎಡಗಡೆ ನಿಂತ್ಕೊಳ್ಳಿ. ಅದಾಗೇ ಬಿಡೋವರೆಗೂ ನಿಂತ್ಕೊಳ್ಳಿ" ಅಂದರು. ಒಂದೆರಡು ದಿನ ತಡವಾದರೂ ಈಗ ಅಪಾಯವಿಲ್ಲ ಅಂತ ನನಗೆ ಬೇರೆಯಾಗಿ ಹೇಳಿ ಸ್ಕೂಟರ್ ಹತ್ತಿದರು. ವೆಂಕಟರತ್ನಮ್ಮ ಟೀ ಲೋಟವನ್ನು ಅವನ ಪಕ್ಕದಲ್ಲಿಟ್ಟು ಒಳಗೆ ಹೋದಳು. ಅವಳು ಮಾತಾಡದೆ ಇದ್ದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೊದಲ ಬೆಳಿಗ್ಗೆ ಅವನು ನಿಂತ. ಬೆಳ್ಳಿ ತಿರುಗಿತು. ಅವನು ಸುತ್ತಿಕೊಂಡು ಹೋಗಿ ಮತ್ತೆ ಎಡಕ್ಕೆ, ಒಂದು ಮಾರು ದೂರದಲ್ಲಿ ನಿಂತ. ನೀರು ಆರಿತು. ಮತ್ತೆ ಕಾಯಿಸಿ ತಂದ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹೋಯಿತು, ಕೆಲಸಕ್ಕೆ ಹೋಗುವವರೆಲ್ಲ ಹೋದರು, ಅವನು ಅಲ್ಲೇ ಇದ್ದ. ಎರಡನೆಯ ದಿನವೂ ಹಾಗೇ. ಮಧ್ಯಾಹ್ನ ನಾನು ಹೋಗಿ ಗಾಯ ತೊಳೆದು ಬಂದೆ, ಡಾಕ್ಟರಿಗೆ ಹೇಳದೆ. ಮೂರನೆಯ ದಿನ ಅದೂ ಬೇಡ ಅಂದ.

ಆ ನಡುವೆ ಗೋಪಾಲ್ ಅವರು ಮದುವೆಯ ಫೋಟೋ ಒಂದನ್ನು ಕಟ್ಟು ಹಾಕಿಸಿ ತಂದುಕೊಟ್ಟರು. ಕದಿರಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅವರಿಗೂ ಎಲ್ಲ ಹೇಳಿದನಂತೆ. ಗೋಪಾಲ್ ಅವರು ಬಹಳ ಹೊತ್ತು ಬೆಳ್ಳಿಯನ್ನು ನೋಡಿ, "ಹೇಳಬೇಕಿತ್ತು ಕದಿರಪ್ಪ. ನನ್ನ ಮಗ ನಡ್ಕೊಂಡೇ ಬರ್ತಿದ್ದ" ಅಂದರಂತೆ. ಅವರೆಲ್ಲಾದರೂ ಕುದುರೆ ಬೇಕೇ ಬೇಕು ಅಂತ ಹಟ ಮಾಡಿದ್ದರೆ ತಪ್ಪನ್ನು ಅವರ ಪಾಲಿಗೂ ಸ್ವಲ್ಪ ಹಾಕಬಹುದಿತ್ತು. ಯಾರೂ ಮಾಡಿರಲಿಲ್ಲ. ಫೋಟೋ ನನಗೆ ತೋರಿಸಿದ. ಹಾರದ ಕೆಳತುದಿಯಲ್ಲಿ ಎರಡು ಹೂವು ನಸುಗೆಂಪು. ಗೊತ್ತಿಲ್ಲದವರಿಗೆ ಅದು ಗುಲಾಬಿಯ ಹಾಗೆ ಕಾಣುತ್ತದೆ. ಫೋಟೋವನ್ನು ನಿನ್ನ ಅಂಗಡಿಯಲ್ಲಿಟ್ಟುಕೋ ಅಕ್ಕ, ನಮ್ಮ ಮನೆಯಲ್ಲಿ ಬೇಡ ಅಂದ. ನಾನೂ ಅದನ್ನು ಗೋಡೆಗೆ ಹಾಕಿಲ್ಲ. ಬಟ್ಟೆಯ ಗಂಟುಗಳ ಹಿಂದೆ ಇದೆ.

ಎಷ್ಟನೆಯ ದಿನವೋ ನಾನು ಲೆಕ್ಕ ಇಟ್ಟಿಲ್ಲ. ಕೆಂಡ ತುಂಬಿಸಿಕೊಳ್ಳುತ್ತಾ ಕೊಟ್ಟಿಗೆಯ ಕಡೆ ನೋಡಿದೆ. ಅವನು ಎಡಗಡೆ, ಹತ್ತಿರದಲ್ಲೇ ನಿಂತಿದ್ದ. ಬಟ್ಟೆ ಬೆಳ್ಳಿಯ ಭುಜದ ಮೇಲಿತ್ತು. ಕಿವಿ ಹಿಂದಕ್ಕೇ ಇತ್ತು, ಚರ್ಮ ನಡುಗುತ್ತಲೇ ಇತ್ತು, ಆದರೆ ಕಾಲು ಕದಲಿರಲಿಲ್ಲ. ಅವನು ತೆಲುಗನ್ನೂ ಆಡುತ್ತಿರಲಿಲ್ಲ. ನಾನು ಕರೆಯಲಿಲ್ಲ, ಕೆಂಡ ಊದುವುದನ್ನು ನಿಲ್ಲಿಸಿದೆ.

ಈಗ ಗಾಯ ಮಾಯ್ದಿದೆ. ಆ ಜಾಗದಲ್ಲಿ ಕೂದಲು ಬರಲಿಲ್ಲ. ಬಿಳಿ ಮೈಯಲ್ಲಿ ಅಂಗೈ ಅಗಲ ಕಪ್ಪು ಚರ್ಮ ಹಾಗೇ ಉಳಿದಿದೆ. ಮದುವೆಗೆ ಕರೆಯಲು ಬಂದವರು ಅದೇನು ಅಂತ ಕೇಳುತ್ತಾರೆ. ಹಾರ ಹಾಕಿದರೆ ಕಾಣುವುದಿಲ್ಲ ಅಂತ ಅವರೇ ಉಪಾಯವನ್ನೂ ಹೇಳುತ್ತಾರೆ. ಅವನು ಹಾರ ಹಾಕುವುದಿಲ್ಲ. "ನಾನ್ ಮಾಡಿದ್ದು, ಕಾಣ್ಲಿ" ಅನ್ನುತ್ತಾನೆ. ಕೆಲವರು ಹಾಗೇ ಕರೆದುಕೊಂಡು ಹೋಗುತ್ತಾರೆ, ಕೆಲವರು ಕೋಲಾರದ ಕುದುರೆಗೆ ಹೇಳುತ್ತಾರೆ. ಕೋಲಾರದ ಕುದುರೆ ನಮ್ಮ ಬೀದಿಯಲ್ಲಿ ಎರಡು ಸಲ ಹೋಯಿತು. ಅವನು ಬಾಗಿಲಲ್ಲಿ ನಿಂತು ನೋಡಿದ. ಒದ್ದೆ ಬಟ್ಟೆ ಕಂಡರೆ ಬೆಳ್ಳಿಯ ಮೈ ಇವತ್ತಿಗೂ ಒಮ್ಮೆ ಅದುರುತ್ತದೆ. ಅದುರುವುದು ನಿಲ್ಲುವವರೆಗೆ ಅವನ ಕೈ ಗಾಳಿಯಲ್ಲೇ ಇರುತ್ತದೆ.

ಇವತ್ತು ಬೆಳಿಗ್ಗೆ ವೆಂಕಟರತ್ನಮ್ಮ ಬಂಗಾರಪೇಟೆ ಸಂತೆಯಿಂದ ತಂದ ಹುರುಳಿಯನ್ನು ನನ್ನ ಮೊರಕ್ಕೆ ಸುರಿದು, ಕಣ್ಣು ಕಾಣಿಸ್ತಾ ಐತಾ ಅಕ್ಕ, ಇಲ್ಲ ಬೆಳ್ಳಿಗೆ ಕಲ್ಲೇ ತಿನ್ನಿಸ್ತೀಯಾ ಅಂತ ಕೇಳಿ ಹೋದಳು. ಮೊದಲ ಸರದಿಯ ಬಟ್ಟೆ ಮುಗಿದಿತ್ತು. ಗೋಡೆಯಾಚೆ ಕದಿರಪ್ಪ ಒಲೆ ಹಚ್ಚಿ ನೀರಿಟ್ಟ ಸದ್ದು ಕೇಳಿಸಿತು. ನಾನು ಬಾಗಿಲ ಬೆಳಕಿಗೆ ಕೂತು ಮೊರ ಕೇರಿ, ಹೊಟ್ಟು ಹಾರಿಸಿ, ಕಲ್ಲು ಹೆಕ್ಕಿದೆ. ಕೆಂಪು ಮಣ್ಣಿನ ಹೆಂಟೆಗಳು ಹುರುಳಿಯ ಬಣ್ಣಕ್ಕೇ ಇದ್ದವು, ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿ ತೆಗೆದೆ. ಎರಡು ಸಲ ತೊಳೆದು, ಅವನ ಪಾತ್ರೆಗೆ ಸುರಿದು, ನಾಲ್ಕು ಬೆರಳು ಮೇಲೆ ನಿಲ್ಲುವ ಹಾಗೆ ನೀರು ಹಾಕಿ ನೆನೆಯಲು ಮುಚ್ಚಿಟ್ಟೆ.